ಮಾಲೀಕರ ಮೌನವೂ ಒಂದು ಆಜ್ಞೆ

ಯಂತ್ರದ ಬಿಡಿಭಾಗಗಳನ್ನು ತಯಾರಿಸುವ ಒಂದು ಸಣ್ಣ ಘಟಕವನ್ನು ಊಹಿಸಿಕೊಳ್ಳಿ. ಸಂಜೆಯ ವೇಳೆ, ಲಾರಿ ಬಾಗಿಲಲ್ಲಿ ನಿಂತಿದೆ. ಅಳತೆಯಲ್ಲಿ ಕೂದಲೆಳೆಯ ವ್ಯತ್ಯಾಸ ಕಂಡ ಮೇಲ್ವಿಚಾರಕ ಮಾಲೀಕರ ಬಳಿ ಬಂದು, "ಸರ್, ಈ ಲಾಟನ್ನು ಇನ್ನೊಮ್ಮೆ ಪರೀಕ್ಷಿಸಬೇಕೇ?" ಎಂದು ಕೇಳುತ್ತಾನೆ. ಬ್ಯಾಂಕಿನ ಕಂತಿನ ಚಿಂತೆಯಲ್ಲಿದ್ದ ಮಾಲೀಕರು ಗಡಿಯಾರದತ್ತ ನೋಡಿ ಹುಬ್ಬು ಗಂಟಿಕ್ಕುತ್ತಾರೆ. 'ತಡಮಾಡಬೇಡ' ಎಂಬುದೇ ಅದರ ಅರ್ಥವೆಂದು ತಿಳಿದು ಆತ ಸರಕನ್ನು ರವಾನಿಸುತ್ತಾನೆ. ಕೆಲವು ದಿನಗಳಲ್ಲಿ ಲಾಟು ಹಿಂದಿರುಗುತ್ತದೆ, ಡೆಬಿಟ್ ನೋಟಿನ ಸಮೇತ. "ಕಳುಹಿಸು ಎಂದು ನಾನು ಹೇಳಿದೆನೇ?" "ಬೇಡವೆಂದೂ ಹೇಳಲಿಲ್ಲ, ಸರ್." ಇಬ್ಬರದೂ ನಿಜವೇ.

ಮಾತಿಲ್ಲದೆ ನಡೆಯುವ ಇಂಥ ಸಂವಹನ ಹೊಸ ವಿಷಯವೇನಲ್ಲ. ಭರತನ ನಾಟ್ಯಶಾಸ್ತ್ರವು ಅಭಿನಯವನ್ನು ಆಂಗಿಕ, ವಾಚಿಕ, ಆಹಾರ್ಯ, ಸಾತ್ತ್ವಿಕ ಎಂದು ನಾಲ್ಕು ಬಗೆಯಾಗಿ ವಿಂಗಡಿಸಿದೆ. ಮಾತಿಗೆ ಸೇರಿದ್ದು ಅವುಗಳಲ್ಲಿ ಒಂದೇ. ಆದರೆ 'ಸಂವಹನದಲ್ಲಿ ಮಾತಿನ ಪಾಲು ಶೇ. 7 ಮಾತ್ರ' ಎಂದು ತರಬೇತಿ ಶಿಬಿರಗಳಲ್ಲಿ ಕೇಳಿಬರುವ ಹೇಳಿಕೆಯನ್ನು ಹಾಗೆಯೇ ಒಪ್ಪಬೇಕಿಲ್ಲ. ಆಲ್ಬರ್ಟ್ ಮೆಹ್ರಾಬಿಯನ್ ಅವರ 1967ರ ಪ್ರಯೋಗಗಳು ಇಷ್ಟಾನಿಷ್ಟದಂಥ ಭಾವನೆಗಳಿಗಷ್ಟೇ ಸಂಬಂಧಿಸಿದ್ದವು. ದರ, ಅಳತೆ, ಗಡುವುಗಳನ್ನು ಮುಖಭಾವದಿಂದ ತಿಳಿಯಲಾಗದು.

ಜಾಣ ಕುದುರೆಯ ಪಾಠ

1904ರಲ್ಲಿ ಬರ್ಲಿನ್ ನಗರದ 'ಹಾನ್ಸ್' ಎಂಬ ಕುದುರೆ ಲೆಕ್ಕಗಳಿಗೆ ಗೊರಸು ಬಡಿದು ಉತ್ತರಿಸಿ ಪ್ರಸಿದ್ಧವಾಯಿತು. ತಜ್ಞರ ಸಮಿತಿಗೆ ಯಾವ ಮೋಸವೂ ಕಾಣಲಿಲ್ಲ. ಬಳಿಕ ಆಸ್ಕರ್ ಫಂಗ್ಸ್ಟ್ ಎಂಬ ಸಂಶೋಧಕರು ಗುಟ್ಟನ್ನು ಬಯಲಿಗೆಳೆದು 1907ರಲ್ಲಿ ಪ್ರಕಟಿಸಿದರು. ಸರಿಯುತ್ತರದ ಎಣಿಕೆ ಬಂದೊಡನೆ ಪ್ರಶ್ನಿಸಿದವರ ತಲೆ ತಮಗರಿವಿಲ್ಲದೆ ತುಸು ಮೇಲೇಳುತ್ತಿತ್ತು. ಕುದುರೆ ಅದನ್ನು ಕಂಡು ನಿಲ್ಲಿಸುತ್ತಿತ್ತು. ಪ್ರಶ್ನಿಸಿದವರಿಗೇ ಉತ್ತರ ತಿಳಿಯದಿದ್ದಾಗ ಅದು ಸೋಲುತ್ತಿತ್ತು.

ಉದ್ಯಮಿಗಳು ಗಮನಿಸಬೇಕಾದ ಅಂಶವಿದು. ನಮ್ಮ ಮುಖವನ್ನೇ ನೋಡಿ ಉತ್ತರಿಸುವ ನೌಕರ ನಾವು ಬಯಸಿದ್ದನ್ನು ಹೇಳುತ್ತಾನೆಯೇ ಹೊರತು ನಮಗೆ ತಿಳಿಯದ್ದನ್ನಲ್ಲ. ಕೆಟ್ಟ ಸುದ್ದಿ ನಮ್ಮ ಕೊಠಡಿಯ ಹೊಸ್ತಿಲಲ್ಲೇ ನಿಲ್ಲುತ್ತದೆ.

ಅನುಸರಿಸಬಹುದಾದ ಕ್ರಮಗಳು

1. ಒಂದೇ ಸಂಜ್ಞೆಯಿಂದ ತೀರ್ಮಾನಕ್ಕೆ ಬರಬಾರದು. ಕೈಕಟ್ಟಿ ಕುಳಿತವರು ಅಸಮ್ಮತಿ ತೋರುತ್ತಿರಬಹುದು, ಚಳಿಯಿಂದಲೂ ಕುಳಿತಿರಬಹುದು. ಆ ವ್ಯಕ್ತಿಯ ನಿತ್ಯದ ನಡವಳಿಕೆಯಲ್ಲಿ ಆದ ಬದಲಾವಣೆಯೇ ಮುಖ್ಯ.

2. ಸಂಜ್ಞೆಯನ್ನು ಪ್ರಶ್ನೆಯಾಗಿಸಬೇಕು. "ಸರ್, ಇಂದೇ ಕಳುಹಿಸಲೇ, ಪರೀಕ್ಷಿಸಿ ನಾಳೆ ಕಳುಹಿಸಲೇ?" ಎಂದು ಕೇಳುವ ಅಭ್ಯಾಸವನ್ನು ಮೇಲ್ವಿಚಾರಕರಲ್ಲಿ ಬೆಳೆಸಿರಿ. ದೊಡ್ಡ ಕಂಪನಿಯ ಖರೀದಿ ಅಧಿಕಾರಿಯ ಮುಂದೆ ಕುಳಿತಾಗ ನಮಗೂ ಇದೇ ನಿಯಮ: ಅವರು ತಲೆಯಾಡಿಸಿದ್ದು ಒಪ್ಪಿಗೆಯಲ್ಲ, ಲಿಖಿತ ಆದೇಶವೇ ಒಪ್ಪಿಗೆ.

3. ದೋಷವನ್ನು ವರದಿ ಮಾಡಲು ಬಂದವರನ್ನು ಕೆಲಸ ಬದಿಗಿಟ್ಟು, ಮುಖವೆತ್ತಿ ಆಲಿಸಿರಿ. ಮನಸ್ಸು ಬೇರೆಡೆ ಇದ್ದರೆ "ನನ್ನ ಚಿಂತೆ ಬೇರೆ, ನೀನು ಹೇಳು" ಎಂಬ ಒಂದು ಮಾತು ಸಾಕು.

4. ಗುಣಮಟ್ಟ, ಹಣ, ಸುರಕ್ಷತೆ ಈ ಮೂರರಲ್ಲಿ ಮೌನವನ್ನು ಒಪ್ಪಿಗೆಯೆಂದು ಭಾವಿಸಕೂಡದೆಂಬ ನಿಯಮ ಘಟಕದಲ್ಲಿರಲಿ.

ಒಂದು ರಾತ್ರಿ ತಡವಾಗಿ ಹೊರಟ ಲಾರಿಯ ನಷ್ಟವನ್ನು ತುಂಬಿಕೊಳ್ಳಬಹುದು. ಹುಬ್ಬಿನ ಗಂಟಿಗೆ ಅಂಜಿ ಹೇಳದೆ ಉಳಿದ ಮಾತಿನ ನಷ್ಟ ಮಾತ್ರ ಯಾವ ಲೆಕ್ಕಪುಸ್ತಕದಲ್ಲಿಯೂ ಮುಂಚಿತವಾಗಿ ಕಾಣಿಸದು.