ಕಾರಣ ಕೊಟ್ಟರೆ ಚೌಕಾಸಿ ಶುರು

ಪುಣೆಯ ಬಿಬವೇವಾಡಿಯ ಸೋದರಿಗೆ,

ಹೇಳದೆ ಕೇಳದೆ ಮಕ್ಕಳನ್ನು ಬಿಟ್ಟುಹೋಗುವ ಪಕ್ಕದ ಮನೆಯಾಕೆ, ರಜೆ ಬಂದರೆ ಠಿಕಾಣಿ ಹೂಡುವ ನೆಂಟರು, ಎಲ್ಲರಿಗೂ ನಗುತ್ತಲೇ ಚಹಾ ಕೊಟ್ಟು ರಾತ್ರಿ ಅಳುತ್ತೇನೆ ಎಂದಿದ್ದೀರಿ. ಎಂ.ಕೆ. ಇಂದಿರಾ ಅವರ ಕಾದಂಬರಿ ‘ಫಣಿಯಮ್ಮ’ (1976) ಓದಿದ್ದೀರಾ? ಬಾಲವಿಧವೆ ಫಣಿಯಮ್ಮ ತಾನು ಮಡಿಯಲ್ಲೇ ಸವೆದವಳು. ಆದರೂ ದಾಕ್ಷಾಯಿಣಿ ಎಂಬ ಎಳೆಯ ವಿಧವೆ ತಲೆ ಬೋಳಿಸಿಕೊಳ್ಳಲು ಒಪ್ಪದಿದ್ದಾಗ ಅವಳ ಪರ ನಿಂತಳು. ದಾಕ್ಷಾಯಿಣಿಯ ಗಟ್ಟಿದನಿ ಎಲ್ಲರಿಗೂ ಬರುವುದಿಲ್ಲ, ಬರಲೇಬೇಕೆಂದೂ ಇಲ್ಲ. ನಿಮಗೆ ಫಣಿಯಮ್ಮನ ಮೆತ್ತನೆಯ ದಾರಿಯೇ ಸರಿ.

ಮಕ್ಕಳ ಕೈಹಿಡಿದು ಪಕ್ಕದ ಮನೆಯಾಕೆ ಬಂದಾಗ ಬಾಗಿಲಲ್ಲೇ ಹೇಳಿ: “ವಹಿನಿ, ಇವತ್ತು ನನ್ನಿಂದಾಗಲ್ಲ.” ಅಷ್ಟೇ. ಕಾರಣ ಕೊಟ್ಟರೆ ಚೌಕಾಸಿ ಶುರುವಾಗುತ್ತದೆ. ಒಂದೆರಡು ವಾರ ಮುಖ ಸಿಂಡರಿಸಿಕೊಂಡಾರು, ಸಿಂಡರಿಸಿಕೊಳ್ಳಲಿ. ನೆಂಟರಿಗೆ ನಿಮ್ಮ ಯಜಮಾನರೇ ಹೇಳಲಿ. ಅವರ ಕಡೆಯವರು ತಾನೇ? ಇವತ್ತೇ ಅವರ ಹತ್ತಿರ ಮಾತಾಡಿ.