ಮಗು ಬರುವ ವರ್ಷದಲ್ಲಿ ಮನೆಸಾಲದ ಲೆಕ್ಕ

ಮೈಸೂರಿನ ನಮ್ಮ ಬೀದಿಯಲ್ಲಿ ಒಂದು ಪುಟ್ಟ ಮನೆಯನ್ನು ಸಾಲ ಮಾಡಿ ಕೊಂಡ ದಂಪತಿಗಳಿದ್ದಾರೆ. ಗಂಡ ಒಂದು ಕಾರ್ಖಾನೆಯ ನೌಕರ. ಹೆಂಡತಿ ಖಾಸಗಿ ಕಚೇರಿಯೊಂದರಲ್ಲಿ ಕೆಲಸದಲ್ಲಿದ್ದಾರೆ. ಸಾಲ ತೆಗೆದು ಮೂರು ವರ್ಷ ತುಂಬಿದ ದೀಪಾವಳಿಯ ಮಾರನೆಯ ದಿನ ಇಬ್ಬರೂ ನಮ್ಮ ಮನೆಗೆ ಬಂದರು. ಮೂರು ವರ್ಷಗಳಿಂದ ಕೂಡಿಟ್ಟ ಹಣಕ್ಕೆ ಆ ವರ್ಷದ ಬೋನಸ್ಸೂ ಸೇರಿ ಅವರ ಕೈಯಲ್ಲಿ 3 ಲಕ್ಷ ರೂಪಾಯಿ ಇತ್ತು. ಆಕೆಗೆ ಅದು ಐದನೆಯ ತಿಂಗಳು, ಚೊಚ್ಚಲು. ಶಿವರಾತ್ರಿಯ ಆಸುಪಾಸಿನಲ್ಲಿ ಹೆರಿಗೆಯೆಂದು ವೈದ್ಯರು ಹೇಳಿದ್ದರು.

“ಅಷ್ಟನ್ನೂ ಬ್ಯಾಂಕಿಗೆ ಕಟ್ಟಿಬಿಡೋಣ ಅಂತಿದ್ದೀನಿ, ಮೇಷ್ಟ್ರೇ. ಮಗು ಬರೋ ಹೊತ್ತಿಗೆ ಸಾಲ ಒಂದಿಷ್ಟು ಹಗುರವಾಗಲಿ” ಎಂದರು ಆತ.

“ಇವರು ಹೇಳೋದೂ ಸರಿಯೇ. ಆದರೆ ಕೈಲಿ ಏನೂ ಉಳಿಯೋಲ್ಲವಲ್ಲ” ಎಂದರು ಆಕೆ.

ಇಬ್ಬರ ಮಾತಿನಲ್ಲಿಯೂ ಸತ್ಯವುಂಟು. ಯಾವುದರ ತೂಕ ಹೆಚ್ಚು ಎಂಬುದನ್ನು ಊಹೆಯಿಂದ ತೀರ್ಮಾನಿಸಬೇಕಾಗಿಲ್ಲ, ಅದಕ್ಕೆ ಗಣಿತವಿದೆ. ಬಡ್ಡಿಯ ಗಣಿತ ನಮ್ಮ ನಾಡಿಗೆ ಹೊಸದೇನಲ್ಲ. ಒಂಬತ್ತನೆಯ ಶತಮಾನದಲ್ಲಿ, ರಾಷ್ಟ್ರಕೂಟ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯನು ತನ್ನ ‘ಗಣಿತಸಾರಸಂಗ್ರಹ’ದಲ್ಲಿ ಅಸಲು, ಬಡ್ಡಿ, ಕಾಲ ಇವುಗಳ ಲೆಕ್ಕಗಳಿಗೆಂದೇ ಸಾಕಷ್ಟು ಸ್ಥಳವನ್ನು ಕೊಟ್ಟಿದ್ದಾನೆ.

ಮೊದಲು ಸಾಲದ ಸ್ವರೂಪವನ್ನು ನೋಡೋಣ. ಮನೆಯನ್ನು ಅಡವಿಟ್ಟು 30 ಲಕ್ಷ ರೂಪಾಯಿಯನ್ನು ವರ್ಷಕ್ಕೆ ನೂರಕ್ಕೆ 9ರ ಬಡ್ಡಿಯಂತೆ 20 ವರ್ಷಗಳ ಅವಧಿಗೆ ತೆಗೆದುಕೊಂಡಿದ್ದಾರೆಂದು ಇಟ್ಟುಕೊಳ್ಳಿ. ತಿಂಗಳ ಕಂತು, ಅಂದರೆ ಎಲ್ಲರ ಬಾಯಲ್ಲಿಯೂ ಇರುವ ಇಎಂಐ, 26,992 ರೂಪಾಯಿಯಾಗುತ್ತದೆ. ಕಂತು ಪ್ರತಿ ತಿಂಗಳೂ ಒಂದೇ ಮೊತ್ತದ್ದಾದರೂ ಅದರ ಒಳಗಿನ ಪಾಲು ಒಂದೇ ಅಲ್ಲ. ಬ್ಯಾಂಕು ಉಳಿದಿರುವ ಅಸಲಿನ ಮೇಲೆ ಆ ತಿಂಗಳ ಬಡ್ಡಿಯನ್ನು ಮೊದಲು ಮುರಿದುಕೊಂಡು, ಮಿಕ್ಕಿದ್ದನ್ನು ಮಾತ್ರ ಅಸಲಿಗೆ ಜಮಾ ಮಾಡುತ್ತದೆ. ಮೊದಲ ತಿಂಗಳು 30 ಲಕ್ಷಕ್ಕೆ ಬಡ್ಡಿಯೇ 22,500 ರೂಪಾಯಿ. ಅಸಲಿಗೆ ಸಂದದ್ದು ಕೇವಲ 4,492. ಎರಡನೆಯ ತಿಂಗಳು ಅಸಲು ಅಷ್ಟು ಕಡಿಮೆಯಾಗಿರುವುದರಿಂದ ಬಡ್ಡಿ 34 ರೂಪಾಯಿಯಷ್ಟು ಇಳಿದು, ಅಸಲಿನ ಪಾಲು ಅಷ್ಟೇ ಏರುತ್ತದೆ. ಬಾವಿಯ ನೀರನ್ನು ಮೊದಲು ಬೊಗಸೆಯಿಂದಲೂ ಆಮೇಲೆ ಕೊಡದಿಂದಲೂ ಮೊಗೆದಂತೆ ಈ ಕೆಲಸ ನಡೆಯುತ್ತದೆ. ಕಂತಿನಲ್ಲಿ ಅಸಲಿನ ಪಾಲು ಬಡ್ಡಿಯ ಪಾಲನ್ನು ಮೀರುವುದು 149ನೆಯ ಕಂತಿನಲ್ಲಿ, ಎಂದರೆ ಹದಿಮೂರನೆಯ ವರ್ಷದ ಐದನೆಯ ತಿಂಗಳಿನಲ್ಲಿ!

ನಮ್ಮ ದಂಪತಿಗಳು ಮೂರು ವರ್ಷಗಳಲ್ಲಿ 9 ಲಕ್ಷ 71 ಸಾವಿರಕ್ಕೂ ಮೇಲ್ಪಟ್ಟು ಕಟ್ಟಿದ್ದರು. ಅಸಲಿನಲ್ಲಿ ತೀರಿದ್ದು 1 ಲಕ್ಷ 85 ಸಾವಿರ ಮಾತ್ರ. ಇನ್ನೂ 28 ಲಕ್ಷ 15 ಸಾವಿರ ಉಳಿದಿತ್ತು. ಬ್ಯಾಂಕಿನ ತಖ್ತೆಯಲ್ಲಿ ಇದನ್ನು ಕಂಡಾಗ ಆತನಿಗೆ ನಿದ್ದೆ ಬರಲಿಲ್ಲವಂತೆ. ಸಾಲ ಮಾಡಿದವರಿಗೆಲ್ಲ ಇಂಥದೊಂದು ರಾತ್ರಿ ಬರುವುದುಂಟು.

ಈಗ ಆ 3 ಲಕ್ಷವನ್ನು ಒಮ್ಮೆಗೇ ಕಟ್ಟಿದರೆ ಏನಾಗುತ್ತದೆ? ಅದು ಪೂರ್ತಿಯಾಗಿ ಅಸಲಿಗೇ ಸಲ್ಲುತ್ತದೆ. ಮುಂದಿನ ಕಂತಿನಲ್ಲಿ ಅಸಲಿನ ಪಾಲು 5,878 ರೂಪಾಯಿ. ಅದರ ಮುಂದಿನದರಲ್ಲಿ ತುಸು ಹೆಚ್ಚು. ಹೀಗೆ ಕೂಡುತ್ತ ಹೋದರೆ ಸುಮಾರು 43 ಕಂತುಗಳ ಅಸಲಿನ ಪಾಲು ಸೇರಿ 3 ಲಕ್ಷವಾಗುತ್ತದೆ. ಆದುದರಿಂದ ಈ ಹಣವನ್ನು ಕಟ್ಟಿದವನು ಒಂದೇ ಹೆಜ್ಜೆಯಲ್ಲಿ 43 ತಿಂಗಳುಗಳನ್ನು ದಾಟಿಬಿಡುತ್ತಾನೆ. ಆ ಕಂತುಗಳಲ್ಲಿ ಅಡಗಿದ್ದ ಬಡ್ಡಿ, ಸುಮಾರು 8 ಲಕ್ಷ 70 ಸಾವಿರ ರೂಪಾಯಿ, ಅವನಿಗೆ ಉಳಿಯುತ್ತದೆ. ಆತ ಆತುರಪಟ್ಟದ್ದರಲ್ಲಿ ಆಶ್ಚರ್ಯವಿಲ್ಲ. ಬಡ್ಡಿದರ ಕಾಲಕಾಲಕ್ಕೆ ಬದಲಾಗುವಂಥ ಗೃಹಸಾಲವನ್ನು ಅವಧಿಗೆ ಮೊದಲೇ ತೀರಿಸಿದರೆ ಬ್ಯಾಂಕುಗಳು ದಂಡ ವಿಧಿಸಕೂಡದೆಂದು ರಿಸರ್ವ್ ಬ್ಯಾಂಕು 2012ರಲ್ಲಿಯೇ ಆಜ್ಞೆ ಮಾಡಿರುವುದರಿಂದ ಆ ಅಡ್ಡಿಯೂ ಇಲ್ಲ. ಹಳೆಯ ತೆರಿಗೆ ಪದ್ಧತಿಯಲ್ಲಿರುವವರು ವಾಸದ ಮನೆಯ ಬಡ್ಡಿಗೆ ವರ್ಷಕ್ಕೆ 2 ಲಕ್ಷದವರೆಗೆ ವಿನಾಯಿತಿ ಪಡೆಯುತ್ತಾರೆ. ಅಂಥವರು ಅದನ್ನೂ ಲೆಕ್ಕಕ್ಕೆ ತರಬೇಕು. ಹೊಸ ಪದ್ಧತಿಯವರಿಗೆ ಆ ವಿನಾಯಿತಿಯಿಲ್ಲ.

ಆದರೆ ಇಲ್ಲೊಂದು ಸೂಕ್ಷ್ಮವಿದೆ. 8 ಲಕ್ಷ 70 ಸಾವಿರವೆಂಬುದು ಹಣವನ್ನು ಕಟ್ಟುವುದರಿಂದ ಬರುವ ಲಾಭ. ಇಂದೇ ಕಟ್ಟುವುದರಿಂದ ಬರುವ ಲಾಭವಲ್ಲ. ಇವೆರಡೂ ಬೇರೆ ಬೇರೆ. ನಾವು ಕೇಳಬೇಕಾದ ಪ್ರಶ್ನೆ ‘ಕಟ್ಟಬೇಕೋ ಬೇಡವೋ’ ಎಂಬುದಲ್ಲ. ‘ಒಂದು ವರ್ಷ ತಡೆದು ಕಟ್ಟಿದರೆ ನಷ್ಟವೆಷ್ಟು’ ಎಂಬುದು.

ಆ ಲೆಕ್ಕ ಹೀಗಿದೆ. 3 ಲಕ್ಷವನ್ನು ಸಾಲಕ್ಕೆ ಕಟ್ಟಿದರೆ ಒಂದು ವರ್ಷದಲ್ಲಿ ತಪ್ಪುವ ಬಡ್ಡಿ, ತಿಂಗಳು ತಿಂಗಳಿನ ಚಕ್ರಬಡ್ಡಿಯೂ ಸೇರಿ, 28,142 ರೂಪಾಯಿ. ಅದೇ ಹಣವನ್ನು ನೂರಕ್ಕೆ 6ರಂತೆ ಒಂದು ವರ್ಷದ ಠೇವಣಿಯಲ್ಲಿಟ್ಟರೆ ಬರುವ ಬಡ್ಡಿ 18,000. ವ್ಯತ್ಯಾಸ 10,142. ಠೇವಣಿಯ ಬಡ್ಡಿಗೆ ತೆರಿಗೆ ಕಟ್ಟುವವರಾದರೆ ಅದು 15 ಸಾವಿರದವರೆಗೂ ಹೋದೀತು. ಅದಕ್ಕಿಂತ ಹೆಚ್ಚಾಗುವುದು ಅಪರೂಪ. ಒಂದು ವರ್ಷ ಹಣವನ್ನು ಕೈಯಳತೆಯಲ್ಲಿ ಇಟ್ಟುಕೊಳ್ಳುವುದಕ್ಕೆ ನಾವು ಕೊಡುವ ಬಾಡಿಗೆ ಇಷ್ಟೇ. ಕಟ್ಟಿದ ಹಣವಾದರೋ ಸಾಮಾನ್ಯ ಗೃಹಸಾಲದಲ್ಲಿ ಹಿಂದಕ್ಕೆ ಬರುವುದಿಲ್ಲ. ಮತ್ತೆ ಬೇಕೆಂದರೆ ಹೊಸ ಸಾಲಕ್ಕೆ ಅರ್ಜಿ ಹಾಕಬೇಕು. ಕೆಲವು ಬ್ಯಾಂಕುಗಳಲ್ಲಿ ಸಾಲಕ್ಕೆ ಜೋಡಿಸಿದ ಖಾತೆಯುಂಟು. ಅದರಲ್ಲಿ ಹಣವಿರುವಷ್ಟು ಕಾಲ ಸಾಲದ ಬಡ್ಡಿ ತಗ್ಗಿರುತ್ತದೆ, ಬೇಕಾದಾಗ ಹಣವನ್ನು ತೆಗೆಯಲೂ ಬಹುದು. ದರ ತುಸು ಹೆಚ್ಚಿದ್ದರೂ ಇಂಥ ವರ್ಷದಲ್ಲಿ ಅದು ಉಪಯುಕ್ತ; ಆದರೆ ನಮ್ಮ ದಂಪತಿಗಳ ಸಾಲ ಆ ಬಗೆಯದಾಗಿರಲಿಲ್ಲ.

ಈ ಬಾಡಿಗೆಯನ್ನು ಕೊಡುವುದು ಸಾರ್ಥಕವೇ? ಇದಕ್ಕೆ ಉತ್ತರ ಬಡ್ಡಿಯ ಗಣಿತದಲ್ಲಿಲ್ಲ, ಪ್ರಸವದ ಸ್ವಭಾವದಲ್ಲಿದೆ.

ವೈದ್ಯರು ಹೇಳುವ ಹೆರಿಗೆಯ ದಿನ ಒಂದು ಅಂದಾಜು. ಕೊನೆಯ ಮುಟ್ಟಿನ ಮೊದಲ ದಿನದಿಂದ 280 ದಿನಗಳನ್ನು ಎಣಿಸಿ ಅದನ್ನು ಗೊತ್ತುಮಾಡುತ್ತಾರೆ. ಈಗ ಸ್ಕ್ಯಾನಿಂಗಿನಿಂದ ಅದನ್ನು ತಿದ್ದಿಕೊಳ್ಳುವುದೂ ಉಂಟು. ಆದರೂ ಹೇಳಿದ ದಿನದಂದೇ ಹುಟ್ಟುವ ಮಕ್ಕಳು ಇಪ್ಪತ್ತರಲ್ಲಿ ಒಂದರಷ್ಟು ಮಾತ್ರ. 37 ವಾರಗಳು ತುಂಬುವ ಮೊದಲೇ ಹುಟ್ಟುವುದನ್ನು ಅವಧಿಪೂರ್ವ ಜನನವೆನ್ನುತ್ತಾರೆ. 2020ರ ಅಂದಾಜಿನಂತೆ ಭಾರತದಲ್ಲಿ ನೂರು ಹೆರಿಗೆಗಳಲ್ಲಿ ಸುಮಾರು 13 ಅಂಥವು. ಇನ್ನು ಶಸ್ತ್ರಚಿಕಿತ್ಸೆಯ ಮಾತು: 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಹೆರಿಗೆಗಳಲ್ಲಿ ನೂರಕ್ಕೆ 31.5 ಸಿಸೇರಿಯನ್ ವಿಧಾನದಿಂದ ಆದವು. ಇಡೀ ದೇಶದಲ್ಲಿ 21.5. ಹೀಗಿರಲಾಗಿ ‘ನಮ್ಮ ಮನೆಯಲ್ಲಿ ಎಲ್ಲವೂ ಸುಸೂತ್ರ’ ಎಂದು ಆಶಿಸಬಹುದೇ ಹೊರತು ಅದರ ಮೇಲೆ ಆಯವ್ಯಯವನ್ನು ಕಟ್ಟಲಾಗದು.

ಖರ್ಚೆಲ್ಲವೂ ಅನಿವಾರ್ಯವೆಂದು ನಾವು ಹೆದರಿಸುತ್ತಿಲ್ಲ. 2011ರಲ್ಲಿ ಆರಂಭವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಂತೆ ಸರಕಾರಿ ಆಸ್ಪತ್ರೆಗಳಲ್ಲಿ ಹೆರಿಗೆ, ಸಿಸೇರಿಯನ್ನೂ ಸೇರಿದಂತೆ, ಉಚಿತ. ಔಷಧಿ, ಪರೀಕ್ಷೆ, ಊಟ, ಕಾಯಿಲೆಯಾದ ನವಜಾತ ಶಿಶುವಿನ ಚಿಕಿತ್ಸೆ ಇವೂ ಉಚಿತ. ಮೈಸೂರಿನ ಚೆಲುವಾಂಬಾ, ಬೆಂಗಳೂರಿನ ವಾಣಿವಿಲಾಸ ಆಸ್ಪತ್ರೆಗಳಲ್ಲಿ ಹುಟ್ಟಿದವರು ನಮ್ಮ ವಾಚಕರಲ್ಲಿಯೇ ಎಷ್ಟೋ ಮಂದಿ ಇದ್ದಾರು. ತಾಯಿ ಕಾರ್ಡನ್ನು ಮಾಡಿಸಿಕೊಂಡು ಚುಚ್ಚುಮದ್ದುಗಳನ್ನು ಸರಕಾರಿ ಕೇಂದ್ರದಲ್ಲಿ ಹಾಕಿಸಿದರೆ ಅದಕ್ಕೂ ಹಣ ಬೇಕಿಲ್ಲ. ಖಾಸಗಿ ಆಸ್ಪತ್ರೆಯನ್ನೇ ಆರಿಸಿಕೊಂಡವರು ಮಾತ್ರ ವಿಮೆಯ ಪತ್ರವನ್ನು ಈಗಲೇ ತೆಗೆದು ಓದತಕ್ಕದ್ದು. ಸ್ವಂತವಾಗಿ ಕೊಂಡ ವಿಮೆಗಳಲ್ಲಿ ಹೆರಿಗೆಗೆ ಕಾಯುವ ಅವಧಿಯೊಂದಿರುವುದು ವಾಡಿಕೆ. ಗರ್ಭ ನಿಂತ ಮೇಲೆ ಕೊಂಡ ವಿಮೆ ಆ ಹೆರಿಗೆಗೆ ಒದಗುವುದಿಲ್ಲವೆಂದೇ ತಿಳಿಯಬೇಕು. ಕಚೇರಿಯ ಗುಂಪು ವಿಮೆಯಾದರೆ ಹುಟ್ಟಿದ ದಿನದಿಂದಲೇ ಮಗುವಿಗೂ ಅದು ಅನ್ವಯಿಸುತ್ತದೆಯೇ ಎಂದು ಕೇಳಿಕೊಳ್ಳಬೇಕು. ತೊಟ್ಟಿಲು, ಬಟ್ಟೆ, ಆಟಿಕೆಗಳ ವಿಷಯದಲ್ಲಿ ನಾವು ಏನನ್ನೂ ಹೇಳುವುದಿಲ್ಲ. ಅಜ್ಜಿಯರಿರುವ ಮನೆಯಲ್ಲಿ ಅವಕ್ಕೆ ಕೊರತೆಯಿರದು.

ಆಸ್ಪತ್ರೆಯ ಖರ್ಚಿಗಿಂತ ಹೆಚ್ಚಾಗಿ ಮನೆಯವರು ಮರೆಯುವುದು ಸಂಬಳದ ಮಾತನ್ನು. 2017ರ ತಿದ್ದುಪಡಿ ಹೆರಿಗೆ ರಜೆಯನ್ನು 12 ವಾರಗಳಿಂದ 26 ವಾರಗಳಿಗೆ ಏರಿಸಿತು. ಮೊದಲ ಎರಡು ಹೆರಿಗೆಗಳಿಗೆ ಇದು ಸಲ್ಲುತ್ತದೆ. ಆದರೆ ಹೆರಿಗೆಯ ಹಿಂದಿನ 12 ತಿಂಗಳಲ್ಲಿ 80 ದಿನಗಳಾದರೂ ಅಲ್ಲಿ ಕೆಲಸ ಮಾಡಿರಬೇಕು. ಬಹಳ ಸಣ್ಣ ಅಂಗಡಿ, ಕಚೇರಿಗಳಿಗೆ ಈ ನಿಯಮ ಅನ್ವಯಿಸುವುದಿಲ್ಲ. 26 ವಾರಗಳು ಮುಗಿದ ಮೇಲೆ ಮಗುವನ್ನು ಯಾರು ನೋಡಿಕೊಳ್ಳುವರು? ಬಾಣಂತನಕ್ಕೆ ತವರಿಗೆ ಹೋದವರು ಮೂರನೆಯದೋ ಐದನೆಯದೋ ತಿಂಗಳಿಗೆ ಹಿಂದಿರುಗುತ್ತಾರೆ. ಆಮೇಲೆ ಎಷ್ಟೋ ಮಂದಿ ಸಂಬಳವಿಲ್ಲದ ರಜೆಯನ್ನು ಹಾಕಬೇಕಾಗುತ್ತದೆ, ಕೆಲವರು ಕೆಲಸವನ್ನೇ ಬಿಡುತ್ತಾರೆ. ಬ್ಯಾಂಕಿನ ಕಂತಿಗೆ ಮಾತ್ರ ಬಾಣಂತನವಿಲ್ಲ. ಒಂದೇ ಸಂಬಳ ಬರುವ ಕಾಲಕ್ಕೆ ಆರು ಕಂತುಗಳನ್ನು ಎತ್ತಿಟ್ಟರೆ ಅದೇ 1 ಲಕ್ಷ 62 ಸಾವಿರವಾಯಿತು. 3 ಲಕ್ಷ ದೊಡ್ಡ ಮೊತ್ತವೆಂದು ತೋರಿದ್ದು ಈಗ ಹಾಗೆ ತೋರುವುದಿಲ್ಲ, ಅಲ್ಲವೇ?

ಕೈ ಬರಿದು ಮಾಡಿಕೊಂಡವನಿಗೆ ನಡುರಾತ್ರಿಯಲ್ಲಿ ಹಣ ಬೇಕಾದರೆ ಅದು ಎಲ್ಲಿಂದ ಬರುತ್ತದೆ? ಹೆಂಡತಿಯ ಒಡವೆಯಿಂದ, ಇಲ್ಲವೇ ಕ್ರೆಡಿಟ್ ಕಾರ್ಡಿನಿಂದ. ಕಾರ್ಡಿನ ಬಾಕಿಗೆ ತಿಂಗಳಿಗೆ ನೂರಕ್ಕೆ ಮೂರೂವರೆಯಂತೆ ಬಡ್ಡಿ ಹಾಕುವುದುಂಟು. ಕೇಳಲು ಅಲ್ಪವೆನಿಸುವ ಈ ದರ ಚಕ್ರಬಡ್ಡಿಯಾಗಿ ಸುತ್ತಿದರೆ ವರ್ಷಕ್ಕೆ ನೂರಕ್ಕೆ 51! ನೂರಕ್ಕೆ 9ರ ಸಾಲವನ್ನು ಮುಂಚಿತವಾಗಿ ತೀರಿಸಿ, ಅದರ ಸಂತೋಷದಲ್ಲಿ 51ರ ಸಾಲಕ್ಕೆ ಸಿಲುಕುವುದು ಯಾವ ಗಣಿತದಲ್ಲಿಯೂ ಹೊಂದುವುದಿಲ್ಲ.

ಹಣವನ್ನು ಒಂದು ವರ್ಷ ಠೇವಣಿಯಲ್ಲಿಡಿ, ಆದರೆ ಒಂದೇ ಠೇವಣಿಯಾಗಿ ಬೇಡ, 50 ಸಾವಿರದ ಆರು ಠೇವಣಿಗಳಾಗಿ ಇಡಿ ಎಂದು ನಾವು ಹೇಳಿದೆವು. ಹಾಗಿದ್ದರೆ ಒಂದನ್ನು ಮುರಿದಾಗ ಉಳಿದವುಗಳ ಬಡ್ಡಿ ಕೆಡುವುದಿಲ್ಲ. ಮುಂದಿನ ದೀಪಾವಳಿಗೆ ಮಿಕ್ಕಿದ್ದೆಲ್ಲವನ್ನೂ ಸಾಲಕ್ಕೆ ಕಟ್ಟಬೇಕೆಂಬುದು ಒಪ್ಪಂದ. ಈ ಎರಡನೆಯ ಮಾತಿಲ್ಲದೆ ಮೊದಲನೆಯ ಮಾತಿಗೆ ಬೆಲೆಯಿಲ್ಲ. ದಿನಾಂಕವಿಲ್ಲದೆ ತಡೆದಿಟ್ಟ ಹಣ ಮಂಚ, ಬೀರು, ಮೋಟಾರು ಸೈಕಲ್ಲುಗಳಾಗಿ ಮಾರ್ಪಡುವುದನ್ನು ನಾವು ಕಂಡಿದ್ದೇವೆ. ಆತ ಅರೆಮನಸ್ಸಿನಿಂದ ಒಪ್ಪಿದರು.

ಮಗು ಶಿವರಾತ್ರಿಯವರೆಗೆ ಕಾಯಲಿಲ್ಲ. ಸಂಕ್ರಾಂತಿ ಕಳೆದ ಎರಡನೆಯ ವಾರದಲ್ಲಿ, 35 ವಾರಗಳಿಗೇ, ಎರಡು ಕಿಲೋ ತೂಕದ ಹೆಣ್ಣುಮಗು ಹುಟ್ಟಿತು. ಉಸಿರಾಟ ಸರಿಹೋಗುವವರೆಗೆ ಹನ್ನೊಂದು ದಿನ ಶಿಶುಗಳ ವಿಶೇಷ ಕೊಠಡಿಯಲ್ಲಿ ಇರಿಸಿದ್ದರು. ಆ ದಿನಗಳಲ್ಲಿ ಮೊದಲ ಎರಡು ಠೇವಣಿಗಳು ಹೋದವು. ರಜೆ ಮುಗಿದ ಮೇಲೆ ತಾಯಿ ಎರಡು ತಿಂಗಳು ಸಂಬಳವಿಲ್ಲದೆ ಮನೆಯಲ್ಲಿ ಉಳಿದದ್ದರಿಂದ ಮೂರನೆಯದೂ ಕರಗಿತು. ದೀಪಾವಳಿಗೆ ಬಡ್ಡಿಯೂ ಸೇರಿ ಉಳಿದದ್ದು 1 ಲಕ್ಷ 60 ಸಾವಿರ.

ಅದನ್ನು ಅವರು ಬ್ಯಾಂಕಿಗೆ ಕಟ್ಟಿದರು. ಹೀಗೆ ಕಟ್ಟುವಾಗ ಕಂತನ್ನು ತಗ್ಗಿಸಬೇಕೋ ಅವಧಿಯನ್ನು ತಗ್ಗಿಸಬೇಕೋ ಎಂದು ಬರಹದಲ್ಲಿ ತಿಳಿಸಬೇಕು. ಕಂತನ್ನು ತಗ್ಗಿಸಿದರೆ ತಿಂಗಳ ಖರ್ಚು ಹಗುರವಾಗುತ್ತದೆ, ಆದರೆ ಬಡ್ಡಿಯ ಉಳಿತಾಯ ಬಹಳ ಕಡಿಮೆ. ತಾಯಿ ಮತ್ತೆ ಕೆಲಸಕ್ಕೆ ಹೋಗತೊಡಗಿದ್ದರಿಂದ ಅವರು ಅವಧಿಯನ್ನೇ ತಗ್ಗಿಸುವಂತೆ ಬರೆದುಕೊಟ್ಟರು. ಉಳಿದಿದ್ದ 192 ತಿಂಗಳುಗಳಲ್ಲಿ ಸುಮಾರು 23 ಇಳಿದವು. ಹೊಸ ತಖ್ತೆಯ ಪ್ರಕಾರ ಕೊನೆಯ ಕಂತು ಬೀಳುವುದು ಮಗುವಿಗೆ ಹದಿನೈದು ವರ್ಷ ತುಂಬುವ ಹೊತ್ತಿಗೆ. ಹಳೆಯದರಲ್ಲಿ ಅದು ಹದಿನೇಳರ ಹತ್ತಿರ ಇತ್ತು.