ಹಿಂಗಾರಿನ ಚಂಡಮಾರುತ ಮತ್ತು ಕಟಾವಿನ ಬೆಳೆ

ಚಿಕ್ಕಜಾಜೂರಿಗೂ ಬಂಗಾಳ ಕೊಲ್ಲಿಗೂ ನೂರಾರು ಕಿಲೋಮೀಟರ್ ಅಂತರವಿದೆ. ಆದ್ದರಿಂದ ಚಂಡಮಾರುತವು ಕರಾವಳಿಯವರ ಚಿಂತೆಯೆಂದು ಹೊಳಲ್ಕೆರೆ ತಾಲ್ಲೂಕಿನ ರೈತರು ಭಾವಿಸುವುದು ಸಹಜ. ಆದರೆ ಕೊಲ್ಲಿಯಲ್ಲಿ ಚಂಡಮಾರುತಗಳು ಏಳುವ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನ ಅವಧಿಯೇ ಇಲ್ಲಿ ರಾಗಿ ಕೊಯ್ಯುವ, ಅಡಿಕೆ ಬೇಯಿಸಿ ಒಣಗಿಸುವ ಕಾಲವೂ ಆಗಿದೆ.

ಬೆಚ್ಚಗಿನ ಸಮುದ್ರದ ನೀರಾವಿಯೇ ಚಂಡಮಾರುತದ ಶಕ್ತಿಯ ಮೂಲ. ಗಾಳಿಯ ವೇಗ ಗಂಟೆಗೆ 62 ಕಿ.ಮೀ. ತಲುಪಿದಾಗ ವಾಯುಭಾರ ಕುಸಿತವನ್ನು ಚಂಡಮಾರುತವೆಂದು ಕರೆಯಲಾಗುತ್ತದೆ. ನೆಲವನ್ನು ಸೇರಿದೊಡನೆ ಆ ಮೂಲ ತಪ್ಪಿ ಗಾಳಿ ಕುಗ್ಗುತ್ತದೆ. ಮೋಡಗಳು ಮಾತ್ರ ಪಶ್ಚಿಮಕ್ಕೆ ಚಲಿಸುತ್ತವೆ. 2024ರ ನವೆಂಬರ್ 30ರಂದು ಪುದುಚೇರಿಯ ಬಳಿ ದಡ ಸೇರಿದ ಫೆಂಗಲ್ ಚಂಡಮಾರುತವು ದುರ್ಬಲಗೊಂಡ ಬಳಿಕವೂ ಒಳನಾಡನ್ನು ದಾಟಿ ಅರಬ್ಬಿ ಸಮುದ್ರವನ್ನು ತಲುಪಿತು. ಅದರಿಂದ ಕರ್ನಾಟಕದಲ್ಲಿಯೂ ಮಳೆಯಾಯಿತು.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಹವಾಮಾನ ಇಲಾಖೆಯ ಲೆಕ್ಕದಲ್ಲಿ 24 ಗಂಟೆಗಳಲ್ಲಿ 64.5 ಮಿ.ಮೀ. ಅಥವಾ ಹೆಚ್ಚು ಸುರಿದರೆ ಮಾತ್ರ ಅದು ಭಾರೀ ಮಳೆ. ಕೊಯ್ದ ರಾಗಿಗೆ ಅಷ್ಟು ಮಳೆ ಬೇಕಿಲ್ಲ. ಬಿಸಿಲಿಲ್ಲದೆ ಮೂರು ದಿನ ಜಿಟಿಜಿಟಿ ಹಿಡಿದರೆ ತೆನೆಯಲ್ಲಿಯೇ ಮೊಳಕೆಯೊಡೆಯಬಹುದು, ಹುಲ್ಲು ಕಪ್ಪಾಗಬಹುದು. ಅಡಿಕೆಗೆ ಬೂಷ್ಟು ಹಿಡಿದು ಬೆಲೆ ಇಳಿಯುತ್ತದೆ. ಆದುದರಿಂದ ಜಿಲ್ಲೆಗೆ ಹಳದಿ ಅಥವಾ ಕಿತ್ತಳೆ ಎಚ್ಚರಿಕೆ ಬಂದಿಲ್ಲವೆಂಬುದು ಬೆಳೆ ಸುರಕ್ಷಿತವೆಂಬುದಕ್ಕೆ ಆಧಾರವಲ್ಲ.

ಅನುಸರಿಸಬೇಕಾದ ಕ್ರಮಗಳು:

1. ಕೊಲ್ಲಿಯಲ್ಲಿ ವಾಯುಭಾರ ಕುಸಿತದ ಸುದ್ದಿ ಬಂದೊಡನೆ ವರುಣಮಿತ್ರ ಸಹಾಯವಾಣಿ 92433 45433ಕ್ಕೆ ಕರೆ ಮಾಡಿ ಸ್ಥಳೀಯ ಮುನ್ಸೂಚನೆಯನ್ನು ಪಡೆಯುವುದು.

2. ಮಳೆಯ ಸೂಚನೆಯಿದ್ದಲ್ಲಿ ಕೊಯ್ಲನ್ನು ಮುಂದೂಡುವುದು. ಈಗಾಗಲೇ ಕೊಯ್ದು ಒಣಗಿದ ರಾಗಿಯನ್ನು ಎತ್ತರದ ಜಾಗದಲ್ಲಿ ಬಣವೆ ಒಟ್ಟಿ ಟಾರ್ಪಾಲಿನ್ ಹೊದಿಸುವುದು.

3. ಹಸಿ ಅಡಿಕೆ ಸುಲಿದು ಬೇಯಿಸುವುದನ್ನು ಬಿಸಿಲು ಮರಳುವವರೆಗೆ ತಡೆಯುವುದು.

4. ಗುಡುಗು ಕೇಳಿಸಿದೊಡನೆ ಮರದಡಿಯಿಂದ ದೂರ ಸರಿದು ಪಕ್ಕಾ ಕಟ್ಟಡವನ್ನು ಸೇರುವುದು.

ಫಸಲ್ ಬಿಮಾ ಯೋಜನೆಯಡಿ ವಿಮೆ ಮಾಡಿಸಿದ ಅಧಿಸೂಚಿತ ಬೆಳೆಯು ಕೊಯ್ಲಾದ 14 ದಿನಗಳೊಳಗೆ, ಹೊಲದಲ್ಲಿ ಒಣಗಲು ಬಿಟ್ಟಿರುವಾಗ ಅಕಾಲಿಕ ಮಳೆಗೆ ಹಾಳಾದರೆ ಪರಿಹಾರಕ್ಕೆ ಅವಕಾಶವಿದೆ. ಆದರೆ 72 ಗಂಟೆಗಳೊಳಗೆ 14447ಕ್ಕೆ ಕರೆ ಮಾಡಿ ದೂರು ದಾಖಲಿಸುವುದು ಕಡ್ಡಾಯ. ಮಳೆ ನಿಲ್ಲಲಿ ಎಂದು ಕಾಯುತ್ತ ಕುಳಿತ ರೈತರು ಬೆಳೆಯೊಂದಿಗೆ ಈ ಅವಕಾಶವನ್ನೂ ಕಳೆದುಕೊಳ್ಳುವ ಸಂಭವವಿರುತ್ತದೆ. ಚಂಡಮಾರುತವು ದಡ ಸೇರುವ ಮುನ್ನ ಸಾಮಾನ್ಯವಾಗಿ ಕೆಲವು ದಿನಗಳ ಸೂಚನೆ ದೊರೆಯುತ್ತದೆ; ಆ ದಿನಗಳಲ್ಲಿಯೇ ಬೆಳೆಯನ್ನು ಭದ್ರಪಡಿಸಿಕೊಳ್ಳಬೇಕು.